ಬಾಡಿಗೆ ಕೋಣೆಯ ಗಾಲ್ಫ್ ಆಟಗಾರ

ಆ ಶುಕ್ರವಾರ ಬೆಳಿಗ್ಗೆಯೂ ಬಾತ್‌ರೂಮಿನ ಸರದಿ ಎಂದಿನಂತೆಯೇ ಸಾಗಿತ್ತು. ಮೊದಲು ಪಪ್ಪ, ಆಮೇಲೆ ನಮ್ಮ ಬಾಡಿಗೆ ಕೋಣೆಯ ಎಮಿಲ್, ಅವರ ನಂತರ ನಾನು, ಎಲ್ಲರದ್ದೂ ಮುಗಿದ ಮೇಲೆ ಮಮ್ಮಿ. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿದ್ದ ನಮ್ಮ ಫ್ಲ್ಯಾಟಿನಲ್ಲಿ ಎರಡು ಬೆಡ್‌ರೂಮು, ಒಂದು ಹಾಲ್, ಬಾತ್‌ರೂಮು ಮಾತ್ರ ಒಂದೇ. ಬಾಗಿಲ ಹೊರಗೆ ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತು ಒಳಗಿನ ಸದ್ದು ಕೇಳುವುದು ನನ್ನ ಬೆಳಗಿನ ಕೆಲಸ. ಪಪ್ಪ ಕೆಮ್ಮುತ್ತಾ ಸ್ನಾನ ಮಾಡುತ್ತಿದ್ದರು. ಎಮಿಲ್ ಒಳಗಿದ್ದರೆ ನೀರಿನ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ, ಕೊನೆಯಲ್ಲಿ ಮಾತ್ರ ನೆಲದ ನೀರನ್ನು ವೈಪರಿನಿಂದ ಎಳೆಯುವ ಸದ್ದು. ನಮ್ಮ ಮನೆಯ ಗಂಡಸು ಆ ವೈಪರನ್ನು ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಮಮ್ಮಿ ಅಡುಗೆಮನೆಯಿಂದಲೇ ಮಾತು ಎಸೆಯುತ್ತಿದ್ದಳು.

"ಕೇಳಿತಾ? ಗಂಡಸರೂ ನೆಲ ಒರೆಸ್ತಾರೆ."

"ದಿನವಿಡೀ ಕೋಲು ಹಿಡಿಯುವವರು. ಅವರಿಗೆ ಅಭ್ಯಾಸ ಉಂಟು," ಎಂದರು ಪಪ್ಪ, ಸಾಕ್ಸ್ ಹಾಕಿಕೊಳ್ಳುತ್ತಾ.

ಎಮಿಲ್ ಚಹಾ ಕುಡಿಯುವುದನ್ನು ನೋಡಲು ನಾನು ಎಷ್ಟೇ ನಿದ್ದೆ ಇದ್ದರೂ ಏಳುತ್ತಿದ್ದೆ. ಅವರಿಗೆ ಕಪ್ ಬೇಡ, ಬಟ್ಟಲು ಬೇಕು. ಬಂದ ಹೊಸತರಲ್ಲಿ ಮಮ್ಮಿ ಗೊಂದಲಕ್ಕೆ ಬಿದ್ದು ಸಾರಿನ ಬಟ್ಟಲನ್ನೇ ಚೆನ್ನಾಗಿ ತಿಕ್ಕಿ ಕೊಟ್ಟಿದ್ದಳು. ಅಂದಿನಿಂದ ಅದು ಎಮಿಲ್ ಬಟ್ಟಲಾಯಿತು. ಹಾಲಿನ ಪುಡಿಯ ಗಟ್ಟಿ ಚಹಾವನ್ನು ಅದರಲ್ಲಿ ತುಂಬಿಕೊಂಡು, ಕೆಳಗಿನ ಬೇಕರಿಯ ಬಿಸಿ ಖುಬ್ಬೂಸ್ ರೊಟ್ಟಿಯನ್ನು ಉದ್ದಕ್ಕೆ ಹರಿದು, ಅದ್ದಿ ಅದ್ದಿ ತಿನ್ನುತ್ತಿದ್ದರು. ಕೊನೆಯ ಗುಟುಕನ್ನು ಎರಡೂ ಕೈಯಲ್ಲಿ ಬಟ್ಟಲೆತ್ತಿ ಕುಡಿಯುವಾಗ ಅವರ ಮುಖ ಪೂರ್ತಿ ಮುಚ್ಚಿಹೋಗುತ್ತಿತ್ತು. ಬಲಗೈಗಿಂತ ಎಡಗೈ ಬೆಳ್ಳಗಿತ್ತು. ಅದೇಕೆಂದು ಕೇಳಿದ್ದಕ್ಕೆ, ಆಟದಲ್ಲಿ ಗ್ಲೌಸ್ ಹಾಕುವುದು ಎಡಗೈಗೆ ಮಾತ್ರ, ಬಿಸಿಲು ಕಾಣದ ಕೈ ಅದು ಎಂದು ತಿಳಿಸಿದ್ದರು. ನಾನು ಯಾವುದಕ್ಕೂ "ವೈ?" ಎಂದೇ ಕೇಳುತ್ತಿದ್ದುದರಿಂದ ನನಗೆ ಅವರು ಇಟ್ಟ ಹೆಸರು ಮಿಸ್ ವೈ.

ಫ್ರಾನ್ಸಿನ ಗಾಲ್ಫ್ ಆಟಗಾರರೊಬ್ಬರು ನಮ್ಮಂಥವರ ಮನೆಯಲ್ಲಿ ಬಾಡಿಗೆಗಿದ್ದರು ಎಂದರೆ ಈಗ ನನ್ನ ಗಂಡನೂ ನಂಬುವುದಿಲ್ಲ. ಅಲ್ಲಿ ನಮ್ಮಂಥ ಕುಟುಂಬಗಳು ಒಂದು ಕೋಣೆಯನ್ನು ಇನ್ನೊಬ್ಬರಿಗೆ ಕೊಡುವುದು ಸಾಮಾನ್ಯ. ಲಿಫ್ಟಿನ ಪಕ್ಕದ ಗೋಡೆಯಲ್ಲಿ ಚೀಟಿ ಅಂಟಿಸಿ, ಮಂಗಳೂರಿನ ಕ್ಯಾಥೊಲಿಕರಿಗೆ ಮಾತ್ರ ಎಂದು ಬರೆಯುವುದೂ ಸಾಮಾನ್ಯ. ನಮ್ಮ ಕೋಣೆಯಲ್ಲಿದ್ದ ನರ್ಸ್ ಅಕ್ಕ ಮದುವೆಯಾಗಿ ಹೋದ ಮೇಲೆ ಪಪ್ಪ ಚೀಟಿ ಅಂಟಿಸುವುದರೊಳಗೆ ಎಮಿಲ್ ಸಿಕ್ಕಿದ್ದರು. ಪಪ್ಪ ಸಮುದ್ರದ ಬದಿಯ ಒಂದು ಹೋಟೆಲಿನ ಲಾಂಡ್ರಿಯಲ್ಲಿದ್ದರು. ಎಮಿಲ್‌ಗೆ ಒಳ್ಳೆಯ ಕಾಲವಿದ್ದಾಗ ಆ ಹೋಟೆಲಿನಲ್ಲೇ ಇಳಿಯುತ್ತಿದ್ದರಂತೆ. ಒಂದು ವರ್ಷ ದೊಡ್ಡ ಪಂದ್ಯವೊಂದರಲ್ಲಿ ಎರಡು ದಿನ ಎಲ್ಲರಿಗಿಂತ ಮುಂದಿದ್ದರು. ಆ ಎರಡೂ ದಿನ ಅವರ ಬಿಳಿ ಪ್ಯಾಂಟಿಗೆ ಇಸ್ತ್ರಿ ಹಾಕಿದ್ದು ತಾನೇ ಎಂದು ಪಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಮೂರನೆಯ ದಿನದ ಪ್ಯಾಂಟಿಗೆ ಇಸ್ತ್ರಿ ಹಾಕಿದವರು ಯಾರು ಎಂದು ಮಮ್ಮಿ ಕೇಳುತ್ತಿದ್ದಳು. ಆಮೇಲೆ ಎಮಿಲ್‌ಗೆ ಮಣಿಕಟ್ಟಿನ ನೋವು ಶುರುವಾಗಿ, ದೊಡ್ಡ ಪಂದ್ಯಗಳ ಸರಣಿಯಾದ ಟೂರಿನಲ್ಲಿದ್ದ ಜಾಗ ಹೋಗಿ, ಮೊರಾಕ್ಕೊ, ಈಜಿಪ್ಟ್, ಗಲ್ಫ್ ಎಂದು ಸಣ್ಣ ಸಣ್ಣ ಪಂದ್ಯ ಆಡುವ ಕಾಲ ಬಂದಿತ್ತು. ಹೋಟೆಲು ಕೈಗೆಟುಕದೆ ಕೋಣೆ ಹುಡುಕುತ್ತಿದ್ದಾಗ ಅವರಿಗೆ ಪರಿಚಯದ ಮುಖವೆಂದರೆ ಲಾಂಡ್ರಿಯ ಪಪ್ಪನದ್ದು. ಪಪ್ಪ ಈ ವಿಷಯ ತೆಗೆದ ರಾತ್ರಿಯ ಊಟದ ಮಾತು ನನಗೆ ಚೆನ್ನಾಗಿ ನೆನಪಿದೆ.

"ಕ್ಯಾಥೊಲಿಕರಾ?" ಮಮ್ಮಿಯ ಮೊದಲ ಪ್ರಶ್ನೆ.

"ಫ್ರಾನ್ಸಿನವರು, ಫ್ಲೇವಿ. ಅಲ್ಲಿ ಮತ್ತೆಂತ ಇರ್ತಾರೆ?"

"ಇಗರ್ಜಿಗೆ ಹೋಗ್ತಾರಾ?"

"ಎಲ್ಲ ಒಂದೇ ದಿನ ಕೇಳ್ಲಿಕ್ಕೆ ಆಗ್ತದಾ? ಬಂದ ಮೇಲೆ ನೀನೇ ಕೇಳು."

ಬಂದ ಮೇಲೆ ಮಮ್ಮಿ ಕೇಳಲಿಲ್ಲ. ಎಮಿಲ್ ಹೋಗಲೂ ಇಲ್ಲ. ಶುಕ್ರವಾರ ಬೆಳಿಗ್ಗೆ ನಾವು ಇಗರ್ಜಿಗೆ ಹೊರಟು ನಿಂತಾಗ ಅವರು ಹಾಲಿನ ಕಾರ್ಪೆಟ್ಟಿನ ಮೇಲೆ ಸ್ಟೀಲಿನ ಲೋಟವನ್ನು ಅಡ್ಡ ಮಲಗಿಸಿ ಅದರೊಳಗೆ ಚೆಂಡು ತಳ್ಳುತ್ತಿರುತ್ತಿದ್ದರು. ಮಮ್ಮಿ ಲೋಟವನ್ನೂ ಅವರನ್ನೂ ಸುತ್ತಿಕೊಂಡು ಬಾಗಿಲಿಗೆ ಹೋಗಿ, ಅವರ ಪರವಾಗಿಯೂ ಶಿಲುಬೆಯ ಗುರುತು ಮಾಡುತ್ತಿದ್ದಳು.

ನಮ್ಮ ಹಾಲಿನಲ್ಲಿ ಟೀಪಾಯಿ ಇತ್ತು, ಎಮಿಲ್ ಬಂದ ಮೇಲೆ ಅದು ಮಂಚದ ಕೆಳಗೆ ಹೋಯಿತು. ಸೋಫಾದಿಂದ ದೇವರ ಪೀಠದವರೆಗಿನ ಜಾಗ ಅವರ ಮೈದಾನ. ಪೀಠದ ಕೆಂಪು ಬಲ್ಬಿನ ಕೆಳಗೆ ಲೋಟ. ಸಂಜೆ ಶಾಲೆಯ ಹೋಮ್‌ವರ್ಕ್ ಮುಗಿಸಿ ನಾನು ಗೋಡೆಗೆ ಒರಗಿ ಕೂತು ನೋಡುತ್ತಿದ್ದೆ. ಕಾನ್ವೆಂಟಿನ ಸಿಸ್ಟರುಗಳು ಹೆಚ್ಚು ಪ್ರಶ್ನೆ ಕೇಳುವವರನ್ನು ಬಾಯಿಗೆ ಬೆರಳಿಡಿಸಿ ಕೂರಿಸುತ್ತಿದ್ದರು. ಎಮಿಲ್ ಮಾತ್ರ ನನ್ನ ಪ್ರಶ್ನೆಗಳಿಗೆ ಕಾಯುತ್ತಿದ್ದರು.

"ಹೆಚ್ಚು ಹೊಡೆದವರು ಗೆಲ್ಲುವುದಾ?"

"ಅಲ್ಲ. ಕಡಿಮೆ ಹೊಡೆದವರು."

"ಹಾಗಾದ್ರೆ ಹೊಡೆಯದೇ ಇದ್ರೆ?"

"ಆಗ ಮನೆಗೆ ಹೋಗಬೇಕು, ಮಿಸ್ ವೈ."

ನಾನು ನೋಡಿ ನೋಡಿ ಅವರ ಕೈಯ ಹಿಡಿತವನ್ನು ಅಡುಗೆಮನೆಯ ಸೌಟಿನಲ್ಲಿ ಅನುಕರಿಸುತ್ತಿರುವುದನ್ನು ಕಂಡು, ಅವರು ತಮ್ಮ ಹಳೆಯ ಕೋಲೊಂದನ್ನು ಅರ್ಧಕ್ಕೆ ಗರಗಸದಿಂದ ಕೊಯ್ದು ನನ್ನ ಅಳತೆಗೆ ತಂದರು. ಪಪ್ಪ ಲಾಂಡ್ರಿಯಿಂದ ತಂದ ನೀಲಿ ಟೇಪನ್ನು ಅದರ ಹಿಡಿಗೆ ಸುತ್ತಿಕೊಟ್ಟರು. ಆಟ ಮುಗಿದ ಮೇಲೆ ಎಮಿಲ್ ತಮ್ಮ ದೊಡ್ಡ ಬ್ಯಾಗಿನ ಕೋಲುಗಳನ್ನು ಒಂದೊಂದಾಗಿ ಮುಟ್ಟಿ ಫ್ರೆಂಚಿನಲ್ಲಿ ಎಣಿಸುತ್ತಿದ್ದರು. ಹದಿನಾಲ್ಕಕ್ಕೆ ನಿಲ್ಲುತ್ತಿತ್ತು. ಮಮ್ಮಿ ಜಪಮಾಲೆ ಎಣಿಸುವುದಕ್ಕೂ ಅದಕ್ಕೂ ನನಗೆ ವ್ಯತ್ಯಾಸ ಕಾಣುತ್ತಿರಲಿಲ್ಲ, ಆದ್ದರಿಂದ ಅದೊಂದನ್ನು ಮಾತ್ರ ಯಾಕೆಂದು ಕೇಳಿರಲಿಲ್ಲ. ಪ್ರಾರ್ಥನೆಯ ನಡುವೆ ಪ್ರಶ್ನೆ ಕೇಳಬಾರದೆಂದು ಸಿಸ್ಟರುಗಳು ಕಲಿಸಿದ್ದರು.

ಆ ವಾರ ಊರ ಹೊರಗಿನ ಮೈದಾನದಲ್ಲಿ ಮೂರು ದಿನದ ಪಂದ್ಯ. ಶುಕ್ರವಾರ ಕೊನೆಯ ದಿನ. ಮೊದಲ ಐದು ಜನರಿಗೆ ಮುಂದಿನ ವರ್ಷ ದೊಡ್ಡ ಟೂರಿನಲ್ಲಿ ಆಡುವ ಹಕ್ಕು. ಎರಡು ದಿನದ ಕೊನೆಗೆ ಎಮಿಲ್ ನಾಲ್ಕನೆಯವರಾಗಿದ್ದರು. ಗುರುವಾರ ಊಟಕ್ಕೆ ಕೂತಾಗ ಅವರೇ ಪಪ್ಪನಿಗೆ ವಿಷಯ ಬಿಡಿಸಿ ಹೇಳಿದ್ದರು: ನಾಳೆ ಆದರೆ ಆಯಿತು, ಇಲ್ಲವಾದರೆ ಇದೇ ಕೊನೆ. ತಮಗೀಗ ಮೂವತ್ತೈದು, ಮಣಿಕಟ್ಟು ಇನ್ನೊಂದು ವರ್ಷ ಸಣ್ಣ ಪಂದ್ಯಗಳ ಅಲೆದಾಟ ತಡೆಯುವುದಿಲ್ಲ. ಅವರ ಊರಿನಲ್ಲಿ ಅಕ್ಕನ ಗಂಡನಿಗೆ ಟೈಲ್ಸ್ ಅಂಗಡಿಯಿತ್ತು. ಅಲ್ಲಿ ಅವರಿಗೊಂದು ಕುರ್ಚಿ ಕಾದಿಟ್ಟಿದ್ದರಂತೆ. ತಮ್ಮ ತಂದೆ ಗಾಲ್ಫ್ ಮೈದಾನದ ಹುಲ್ಲು ಕತ್ತರಿಸುವವರು, ತಾವು ನಡೆಯಲು ಕಲಿತದ್ದೇ ಆ ಹುಲ್ಲಿನ ಮೇಲೆ ಎಂದರು ಎಮಿಲ್. ಮಮ್ಮಿ ಅವರ ತಟ್ಟೆಗೆ ಕೇಳದೆಯೇ ಇನ್ನೆರಡು ತುಂಡು ಕೋಳಿ ಹಾಕಿದಳು. ನಮ್ಮ ಮನೆಯಲ್ಲಿ ಸಮಾಧಾನ ಮಾಡುವ ರೀತಿ ಅದೊಂದೇ.

ಶುಕ್ರವಾರ ಪಪ್ಪ ಡ್ಯೂಟಿ ಬದಲಿಸಿಕೊಂಡಿದ್ದರು, ನನ್ನನ್ನು ಆಟ ನೋಡಲು ಕರೆದೊಯ್ಯುವುದಾಗಿ ಮಾತು ಕೊಟ್ಟಿದ್ದರು. ಅದರ ಬಗ್ಗೆ ಬೆಳಿಗ್ಗೆ ಅಡುಗೆಮನೆಯಲ್ಲಿ ಜಗಳ.

"ಇಗರ್ಜಿಯ ಮೀಸ್ ತಪ್ಪಿಸಿ ಚೆಂಡಾಟ ನೋಡ್ಲಿಕ್ಕೆ ಹೋಗ್ತೀರಾ? ಅದೂ ಮಗುವನ್ನು ಕಟ್ಟಿಕೊಂಡು?"

"ಸಂಜೆ ಏಳು ಗಂಟೆಯದ್ದಕ್ಕೆ ಹೋಗ್ತೇವೆ ಮಾರಾಯ್ತಿ. ದೇವರು ಸಂಜೆಯೂ ಇರ್ತಾನೆ."

"ಇರ್ತಾನೆ. ನೀವು ಇರ್ತೀರಾ ಅಂತ ಕೇಳಿದ್ದು ನಾನು."

ಕಿಟಕಿಯಾಚೆ ಎದುರಿನ ಕಟ್ಟಡವೇ ಕಾಣದಷ್ಟು ಮಂಜಿತ್ತು. ದಾರಿಯಲ್ಲಿ ಗಾಡಿಗಳು ನಿಧಾನವಾಗುತ್ತವೆ, ಬೇಗ ಹೊರಡಬೇಕೆಂದು ಪಪ್ಪ ಅವಸರ ಮಾಡಿದರು. ನಾನು ಬಾತ್‌ರೂಮಿನಲ್ಲಿ ಹಲ್ಲುಜ್ಜುತ್ತಾ ಅರ್ಧ ತೆರೆದ ಬಾಗಿಲಿನಿಂದ ನೋಡುತ್ತಿದ್ದೆ. ಮಮ್ಮಿ ದೇವರ ಪೀಠದಿಂದ ಪವಿತ್ರ ನೀರಿನ ಪುಟ್ಟ ಬಾಟಲಿ ತೆಗೆದು, ಸುತ್ತಲೂ ಕಣ್ಣು ಹಾಯಿಸಿ, ಗೋಡೆಗೆ ನಿಲ್ಲಿಸಿದ್ದ ಎಮಿಲ್ ಬ್ಯಾಗಿನ ಮೇಲೆ ಮೂರು ಹನಿ ಚಿಮುಕಿಸಿದಳು. ತುಟಿ ಅಲುಗುತ್ತಿತ್ತು. ಮನೆ ಬಿಟ್ಟು ಹೊರಡುವಾಗ ಹಾಲಿನಲ್ಲಿ ಒಂದು ಚಪ್ಪಲಿಯೂ ಅಡ್ಡಾದಿಡ್ಡಿ ಇರಕೂಡದು ಎನ್ನುವವಳು ಅವಳು. ಬಾಗಿಲ ಬಳಿಯ ಪೇಪರ್ ಎತ್ತಿ ಮಡಿಸಿದಳು, ಸೋಫಾದ ಕವರ್ ಎಳೆದಳು, ಬ್ಯಾಗಿನ ಪಕ್ಕದಲ್ಲೇ ಹಿಂದಿನ ಸಂಜೆ ಎಮಿಲ್ ಒರಗಿಸಿಟ್ಟಿದ್ದ ನನ್ನ ಚಿಕ್ಕ ಕೋಲನ್ನೂ ಎತ್ತಿ ಅದೇ ಬ್ಯಾಗಿಗೆ ಇಳಿಸಿದಳು. ಟಿಣ್ ಎಂದು ಸಣ್ಣ ಸದ್ದಾಯಿತು. ಎಮಿಲ್ ತಮ್ಮ ಕೋಣೆಯಿಂದ ಟೋಪಿ ಸರಿಮಾಡಿಕೊಳ್ಳುತ್ತಾ ಬಂದು ಬ್ಯಾಗನ್ನು ಹೆಗಲಿಗೇರಿಸಿದರು. "ಗಾಡ್ ಬ್ಲೆಸ್," ಎಂದಳು ಮಮ್ಮಿ. "ಮೆರ್ಸಿ ಮದಾಂ," ಎಂದರು ಅವರು.

ನಾನು ಅಲ್ಲಿಯವರೆಗೆ ಹುಲ್ಲನ್ನು ರಸ್ತೆಯ ಮಧ್ಯದ ಡಿವೈಡರಿನಲ್ಲಿ ಮಾತ್ರ ಕಂಡಿದ್ದೆ. ಮೈದಾನಕ್ಕೆ ಕಾಲಿಟ್ಟಾಗ ಮಂಜು ಕರಗುತ್ತಿತ್ತು, ಹುಲ್ಲು ಒದ್ದೆ. ಬಗ್ಗಿ ಅಂಗೈ ಒತ್ತಿ ನೋಡಿದೆ; ಬೆಕ್ಕಿನ ಬೆನ್ನಿನಂತೆ ತಗ್ಗಿ ಮೇಲೆ ಬಂತು. ದೂರದ ಗುಂಡಿಯಲ್ಲಿ ನೆಟ್ಟ ಬಾವುಟ ಕೋಲಿಗೆ ಅಂಟಿಕೊಂಡು ನೇತಾಡುತ್ತಿತ್ತು. ನೋಡಲು ಬಂದವರು ಕೈಬೆರಳೆಣಿಕೆಯಷ್ಟು. ಎಮಿಲ್ ಜೊತೆ ಇನ್ನಿಬ್ಬರು ಆಟಗಾರರು, ಮೂವರ ಹಿಂದೆ ಹಗ್ಗದ ಈಚೆಯಿಂದ ನಾನೂ ಪಪ್ಪನೂ. ಹದಿನೆಂಟು ಗುಂಡಿಗಳಲ್ಲಿ ಮೊದಲನೆಯದು ಚೆನ್ನಾಗಿಯೇ ಮುಗಿಯಿತು. ಪಪ್ಪ ಚಪ್ಪಾಳೆ ತಟ್ಟಿದರು, ಒಬ್ಬರೇ ತಟ್ಟಿದ್ದೆಂದು ಗೊತ್ತಾಗಿ ಕೈಯನ್ನು ಜೇಬಿಗೆ ಹಾಕಿಕೊಂಡರು.

ಎರಡನೆಯದರಲ್ಲಿ ಮೊದಲ ಹೊಡೆತ ಹೊಡೆದು, ಚೆಂಡು ಬಿದ್ದಲ್ಲಿಗೆ ನಡೆದು, ಎಮಿಲ್ ಇನ್ನೊಂದು ಕೋಲಿಗಾಗಿ ಬ್ಯಾಗಿಗೆ ಕೈ ಹಾಕಿದರು. ಎಳೆದ ಕೋಲಿಗೆ ಸಿಕ್ಕಿಕೊಂಡು ಇನ್ನೊಂದು ಅರ್ಧ ಮೇಲೆ ಬಂತು. ನೀಲಿ ಟೇಪು. ನನಗೆ ಖುಷಿಯಾಯಿತು, ನನ್ನ ಕೋಲೂ ಪಂದ್ಯಕ್ಕೆ ಬಂದಿದೆ ಎಂದು. ಎಮಿಲ್ ಅಲುಗದೆ ನಿಂತರು. ಉಳಿದಿಬ್ಬರು ತುಂಬ ಮುಂದೆ, ನಮ್ಮತ್ತ ಬೆನ್ನು ಹಾಕಿದ್ದರು. ಒಬ್ಬ ನೀರು ಕುಡಿಯುತ್ತಿದ್ದ, ಇನ್ನೊಬ್ಬ ಶೂವಿನ ಲೇಸು ಕಟ್ಟುತ್ತಿದ್ದ. ಎಮಿಲ್ ಆ ಕೋಲನ್ನು ಒಳಗೆ ತಳ್ಳಿಬಿಡಬಹುದಿತ್ತು. ಎರಡು ಬೆರಳಿನ ಕೆಲಸ. ಅದು ಆಮೇಲೆ ಹೊಳೆದದ್ದು. ಆಗ ನಾನು ಕಂಡದ್ದು ಇಷ್ಟೇ: ಅವರು ಕೈಯೆತ್ತಿ ಮುಂದಿದ್ದವರನ್ನು ಕೂಗಿದರು. ಪುಟ್ಟ ಗಾಡಿಯಲ್ಲಿ ಅಧಿಕಾರಿಯೊಬ್ಬರು ಬಂದರು. ಏನೋ ಮಾತಾಯಿತು, ಅಧಿಕಾರಿ ತಲೆಯಾಡಿಸಿದರು. ಎಮಿಲ್ ಹಗ್ಗದ ಬಳಿ ಬಂದು ಚಿಕ್ಕ ಕೋಲನ್ನು ನನ್ನ ಕೈಗಿಟ್ಟರು.

"ಇದನ್ನು ನೀನು ಹಿಡಿದುಕೋ, ಮಿಸ್ ವೈ."

"ವೈ?"

"ಬ್ಯಾಗಿನಲ್ಲಿ ಹದಿನಾಲ್ಕೇ ಇರಬೇಕು. ಒಂದು ಹೆಚ್ಚಿದ್ದರೆ ಒಂದೊಂದು ಗುಂಡಿಗೂ ಎರಡು ಹೊಡೆತ ದಂಡ."

"ಎರಡು ಗುಂಡಿ ಆಯ್ತಲ್ಲ. ಹಾಗಾದ್ರೆ ನಾಲ್ಕು."

"ನಾಲ್ಕು."

"ಬಟ್ ನೋಬಡಿ ಸಾ."

"ಬೇರೆಯವರ ಬ್ಯಾಗನ್ನು ಯಾರು ನೋಡ್ತಾರೆ? ಯಾರೂ ನೋಡುವುದಿಲ್ಲ," ಎಂದರು, ತಾವು ಹೇಳಬೇಕಾದ ಕಾರಣವನ್ನು ನಾನೇ ಹೇಳಿದೆನೆಂಬಂತೆ. ನನಗೆ ಅರ್ಥವಾಗಲಿಲ್ಲ. ಪಪ್ಪ ನೀಲಿ ಟೇಪನ್ನೇ ನೋಡುತ್ತಿದ್ದರು.

"ಫ್ಲೇವಿ," ಎಂದು ಮಮ್ಮಿಯ ಹೆಸರು ಹೇಳಿದರು, ಅಷ್ಟೇ.

ಎಮಿಲ್ ಪಪ್ಪನ ಮುಖ ನೋಡಿ, ಅರ್ಥವಾದವರಂತೆ ತಲೆಯಾಡಿಸಿ ಆಟಕ್ಕೆ ಮರಳಿದರು. ಅದಾದ ಮೇಲೆ ಅವರು ಆಡಿದ್ದನ್ನು ಬಣ್ಣಿಸಲು ನನಗೆ ಗಾಲ್ಫಿನ ಭಾಷೆ ಬಾರದು. ಒಂದು ಕಡೆ ಚೆಂಡು ಮರಳಿನ ಗುಂಡಿಯಿಂದ ಎದ್ದು ಬಾವುಟದ ಬುಡಕ್ಕೆ ಬಂದು ನಿಂತಾಗ ಉಳಿದಿಬ್ಬರು ಆಟಗಾರರೇ ಚಪ್ಪಾಳೆ ತಟ್ಟಿದರು. ಪಪ್ಪ ತಟ್ಟಲಿಲ್ಲ. ನಾನು ಆ ಚಿಕ್ಕ ಕೋಲನ್ನು ಹಿಡಿದು ಮೈದಾನ ಪೂರ್ತಿ ನಡೆದೆ. ಮೊದಲು ಊರುಗೋಲಿನಂತೆ ಊರುತ್ತಿದ್ದವಳು ಆಮೇಲೆ ಬೆನ್ನ ಹಿಂದೆ ಹಿಡಿದುಕೊಂಡೆ. ಕೊನೆಗೆ ಬೋರ್ಡಿನಲ್ಲಿ ಎಮಿಲ್ ಹೆಸರು ಬೇಕಾದ ಜಾಗಕ್ಕಿಂತ ಕೆಳಗಿತ್ತು. ಮೂರು ಹೊಡೆತ ಹೆಚ್ಚಾಗಿತ್ತು. ನಾಲ್ಕನ್ನು ಕಳೆದಿದ್ದರೆ ಏನಾಗುತ್ತಿತ್ತೆಂದು ಲೆಕ್ಕ ಹಾಕಲು ನನ್ನ ಕ್ಲಾಸಿನ ಗಣಿತ ಸಾಕಾಗಿತ್ತು.

ಟ್ಯಾಕ್ಸಿಯಲ್ಲಿ ಎಮಿಲ್ ಮುಂದೆ ಕೂತರು. ಶೂ ಬಿಚ್ಚಿ ಅದರ ಅಡಿಗೆ ಅಂಟಿದ ಹುಲ್ಲನ್ನು ಟಿಶ್ಯೂವಿನಲ್ಲಿ ಒರೆಸಿ, ಟಿಶ್ಯೂವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಆ ಟಿಶ್ಯೂವನ್ನು ಯಾಕೆ ಎಸೆಯಲಿಲ್ಲವೆಂದು ಕೇಳುವ ಆಸೆ ನಾಲಿಗೆಯ ತುದಿಯವರೆಗೆ ಬಂದಿತ್ತು. ಸೇತುವೆ ದಾಟಿದ ಮೇಲೆ ಅವರು ಹಿಂದಕ್ಕೆ ತಿರುಗಿದರು.

"ಮದಾಂಗೆ ಇದು ಗೊತ್ತಾಗುವುದು ಬೇಡ."

"ಅದು ಹೇಗೆ ಸರ್? ಅವಳಿಗೆ ಗೊತ್ತಾಗಬೇಕು," ಎಂದರು ಪಪ್ಪ.

"ಗೊತ್ತಾಗಿ ಅವರು ಏನು ಮಾಡ್ತಾರೆ?"

ಮಮ್ಮಿ ಏನು ಮಾಡುತ್ತಾಳೆಂದು ಪಪ್ಪನಿಗೂ ನನಗೂ ಗೊತ್ತಿತ್ತು. ಊಟ ಬಿಡುತ್ತಾಳೆ, ಇಗರ್ಜಿಯಲ್ಲಿ ಮೊಣಕಾಲೂರಿ ಅಳುತ್ತಾಳೆ, ಆಮೇಲೆ ಜೀವಮಾನವಿಡೀ ಯಾರ ವಸ್ತುವನ್ನೂ ಎತ್ತಿಡುವಾಗ ಅವಳ ಕೈ ತಡೆಯುತ್ತದೆ.

"ಗಾಳಿ ಅಂತ ಹೇಳುವ," ಎಂದರು ಎಮಿಲ್. "ಗಾಲ್ಫ್ ಆಡುವವರು ಸೋತರೆ ಎಲ್ಲರೂ ಗಾಳಿಗೇ ಬೈಯುವುದು. ಮದಾಂ ನಂಬ್ತಾರೆ."

ಆಮೇಲಿನ ದಿನಗಳಲ್ಲಿ ಇದನ್ನು ನಾನು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ಎಮಿಲ್ ತಮ್ಮ ಊರಿಗೆ ಹೋದ ಮೇಲೂ, ಅಲ್ಲಿ ಟೈಲ್ಸ್ ಮಾರುತ್ತಾ ರಜಾದಿನಗಳಲ್ಲಿ ಮಕ್ಕಳಿಗೆ ಗಾಲ್ಫ್ ಕಲಿಸುತ್ತಿದ್ದೇನೆಂದು ಒಂದು ಕ್ರಿಸ್‌ಮಸ್‌ಗೆ ಪಪ್ಪನಿಗೆ ಫೋನ್ ಮಾಡಿದ ಮೇಲೂ, ನನ್ನದೇ ಮನೆ, ನನ್ನದೇ ಅಡುಗೆಮನೆ ಆದ ಮೇಲೂ. ಬೆಳಿಗ್ಗೆ ಯಾರೂ ನೋಡದಿದ್ದಾಗ ಒಂದು ಕೋಲನ್ನು ಮುಚ್ಚಿಡಲಾಗದೆ ಇಡೀ ಬದುಕಿನ ಆಟವನ್ನು ಬಿಟ್ಟುಕೊಟ್ಟ ಮನುಷ್ಯ, ಸಂಜೆ ಟ್ಯಾಕ್ಸಿಯಲ್ಲಿ ಕೂತು ಮಗುವೊಂದಕ್ಕೆ ಸುಳ್ಳು ಹೇಳಿಕೊಟ್ಟರು, ಅದೂ ಎಷ್ಟು ಸಲೀಸಾಗಿ. ಇಬ್ಬರೂ ಒಬ್ಬರೇ ಎಂದು ಒಪ್ಪಲು ನನಗೆ ವರ್ಷಗಳೇ ಹಿಡಿದವು. ಸಿಸ್ಟರುಗಳ ಪಾಠದಲ್ಲಿ ಸತ್ಯ ಒಂದು ಕಡೆ, ಸುಳ್ಳು ಒಂದು ಕಡೆ ಇರುತ್ತಿತ್ತು. ಆ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ನನಗೆ ಮೊದಲ ಸಲ ಸಂಶಯ ಬಂತು, ಜನರನ್ನು ಇನ್ನೂ ಹತ್ತಿರದಿಂದ ನೋಡಬೇಕೇನೋ ಎಂದು.

ಮನೆಯ ಬಾಗಿಲು ತೆರೆದಾಗ ನೀರುದೋಸೆಯ ಹಬೆಯ ಜೊತೆ ಮಮ್ಮಿ. ಅವಳ ಕಣ್ಣು ಮೊದಲು ಎಮಿಲ್ ಮುಖಕ್ಕೆ, ಆಮೇಲೆ ನನ್ನ ಕೈಗೆ ಬಂತು. ಪಪ್ಪ ಚಿಕ್ಕ ಕೋಲನ್ನು ಜಾಕೆಟಿನಲ್ಲಿ ಸುತ್ತಿ ತರಬೇಕೆಂದಿದ್ದರು, ಮರೆತಿದ್ದರು.

"ಓ, ಸಿಕ್ಕಿತಾ ಬಾಯೆ ನಿನ್ನ ಕೋಲು? ನಾನೇ ಬೆಳಿಗ್ಗೆ ಬ್ಯಾಗಿಗೆ ಹಾಕಿದ್ದು. ಹಾಲಿನಲ್ಲಿ ಬಿದ್ದುಕೊಂಡಿತ್ತು." ಅವಳು ಎಮಿಲ್ ಕಡೆ ತಿರುಗಿ ಇಂಗ್ಲಿಷಿನಲ್ಲೂ ಅದನ್ನೇ ಹೇಳಿದಳು.

"ಯೆಸ್ ಮದಾಂ. ಮೆರ್ಸಿ," ಎಂದರು ಎಮಿಲ್. "ಅದು ನಮ್ಮ ಜೊತೆ ಇಡೀ ಮೈದಾನ ನಡೆಯಿತು."

"ಮತ್ತೆ ಆಟ?"

"ಮೂರು ಹೊಡೆತಕ್ಕೆ ಸೋತೆ. ಗಾಳಿ, ಮದಾಂ. ತುಂಬ ಗಾಳಿ."

ಮಮ್ಮಿ ಪಪ್ಪನ ಕಡೆ ನೋಡಿದಳು. ಮದುವೆಯಾದಂದಿನಿಂದ ಮಮ್ಮಿಗೆ ಒಂದು ಸುಳ್ಳನ್ನೂ ಹೇಳಿ ದಕ್ಕಿಸಿಕೊಳ್ಳಲಾಗದ ಪಪ್ಪ, "ಹೌದು. ಗಾಳಿ ಉಂಟು ಅಲ್ಲಿ," ಎಂದು ತಟ್ಟೆ ಎಳೆದುಕೊಂಡರು. ಮಮ್ಮಿಯ ಕಣ್ಣು ನನ್ನತ್ತ ಬಂತು. ನಾನು ತಲೆಯಾಡಿಸಿದೆ. ಅವಳು ಉಸಿರುಬಿಟ್ಟಳು. ದೇವರೇ ಕಳಿಸಿದ ಗಾಳಿ, ಯಾರಿಗೆ ಬೈಯುವುದು ಎಂದು, ಎಮಿಲ್ ತಟ್ಟೆಗೆ ದೋಸೆಯ ಮೇಲೆ ದೋಸೆ ಹಾಕತೊಡಗಿದಳು. ಅವರು ಬೇಡವೆನ್ನದೆ ಎಲ್ಲವನ್ನೂ ತಿಂದರು. ಪಪ್ಪ ಏಳು ಗಂಟೆಯ ಮೀಸಿಗೆ ಹೊತ್ತಾಯಿತೆಂದು ಎದ್ದರು, ನಾನು ಚಪ್ಪಲಿ ಹುಡುಕುತ್ತಿದ್ದೆ. ಆಗ ಎದುರಿನ ಫ್ಲ್ಯಾಟಿನ ಉಡುಪಿಯ ಸುಮತಿ ಆಂಟಿ, ಬಿಸಿ ಬನ್ಸ್ ತುಂಬಿದ ತಟ್ಟೆಯನ್ನು ಸೆರಗಿನಿಂದ ಮುಚ್ಚಿಕೊಂಡು ಬಂದರು.

"ಎಂತ ಬಾಯಮ್ಮ, ನಿಮ್ಮ ಫ್ರಾನ್ಸಿನವರು ಕಪ್ ತಂದ್ರಾ?"

"ಇಲ್ಲ ಸುಮತಿ. ಮೂರೇ ಮೂರು ಹೊಡೆತಕ್ಕೆ ತಪ್ಪಿತಂತೆ. ಅಲ್ಲಿ ಭಯಂಕರ ಗಾಳಿಯಂತೆ, ಪಾಪ."

ಸುಮತಿ ಆಂಟಿ ತಟ್ಟೆಯನ್ನು ಮೇಜಿನ ಮೇಲಿಟ್ಟು ಬಿಸಿ ತಾಗಿದ ಬೆರಳಿಗೆ ಉಫ್ ಎಂದು ಊದಿಕೊಂಡರು.

"ಗಾಳಿಯಾ? ಎಲ್ಲಿಯ ಗಾಳಿ ಮಾರಾಯ್ತಿ? ಬೆಳಿಗ್ಗೆ ಒಗೆದು ಬಾಲ್ಕನಿಯಲ್ಲಿ ಹಾಕಿದ ನಮ್ಮವರ ಪ್ಯಾಂಟು ಇನ್ನೂ ಒದ್ದೆಯೇ ಉಂಟು, ಇವತ್ತು ಒಂದು ನೂಲು ಅಲುಗಾಡಲಿಲ್ಲ."